ಕರಗದ ಗಿಡ

ಮಂಗಳವಾರ ಅಕ್ಕಾ, ಮಂಗಳವಾರ! ಬುಧವಾರ ಅಲ್ಲ. ನಾನು ಮೊದಲನೇ ಸಲ ಮನೆ ಬಿಟ್ಟು ಓಡಿದ್ದು ಮಂಗಳವಾರ. ಮೇಷ್ಟ್ರು ಬೋರ್ಡಿನ ಮೇಲೆ ಒಂದು ಎಲೆ ಬರೆದು, ಭಾಗಗಳ ಹೆಸರು ಹೇಳೋ ಅಂದ್ರು. "ತೊಟ್ಟು ಅನ್ನಕ್ಕೂ ಬಾಯಿ ಬರಲ್ವೇನೋ ದಡ್ಡ?" ಅವತ್ತೇ ಕಳಚಿಕೊಂಡಿದ್ದು ತೊಟ್ಟು! ಪುಸ್ತಕ ಅಲ್ಲೇ, ನಾನು ರಸ್ತೇಲಿ... ಈಗ ನೋಡು, ಅದೇ ಮೇಷ್ಟ್ರು, ಕಂಡೋರ ಅಕ್ವೇರಿಯಂ ಗಿಡಗಳಿಗೆಲ್ಲ ನಾಮಕರಣ ಮಾಡ್ಕೊಂಡು ತಿರುಗೋ ಮಹಾಶಯ, ಸಂಜೆ ನಿನ್ನ ಅಕ್ವೇರಿಯಂ ಅಂಗಡಿಗೆ ಬರ್ತಾರಂತೆ! ನಾನು ತಂದ ಗಿಡದ ಹೆಸರು ಹೇಳಕ್ಕೆ! ಭೂತಗನ್ನಡಿ ಬೇರೆ!

ಯಾಕೆ ಚೀಲ ನೋಡ್ತೀಯ? ಅವರಿಗೆ ಹೆದರಿ ಕಟ್ತಿಲ್ಲ. ಕಾಲಲ್ಲಿ ಚಕ್ರ ಇರೋನು ನಾನು, ಇಷ್ಟು ದಿನ ಇದ್ದಿದ್ದೇ ಹೆಚ್ಚು. ಹೆದರಕ್ಕೆ ಅವರೇನು ಹುಲೀನಾ?

ಅಲ್ಲ, ಈ ಹೆಸರಿನ ಹುಚ್ಚು ಯಾಕೆ ನಿಮಗೆ? ಮೀನು ಕೇಳುತ್ತಾ? ಆ ಮೂಲೆ ತೊಟ್ಟಿ ನೋಡು. ಎರಡು ಗಿಡ, ಎರಡು ಚೀಟಿ. ಒಂದು ಅಗಲ ಎಲೇದು, ಒಂದು ಸೀಳೆಲೇದು. ಕೊನೆಗೆ ಎರಡೂ ಒಂದೇ! ನೀರಿಂದಾಚೆ ಬೆಳೆದಾಗ ಒಂದು ವೇಷ, ಒಳಗಿಳಿದ ಮೇಲೆ ಇನ್ನೊಂದು. ಸೊಪ್ಪಿನ ಕೈಲಿ ಟೋಪಿ ಹಾಕಿಸಿಕೊಂಡೋಳು ನೀನು! ಇನ್ನು ಆ ಕಂದು ಎಲೇದು... ಅದರ ಹೆಸರು ಹೇಳಿ ಮುಗಿಸೋಷ್ಟರಲ್ಲಿ ಊಟದ ಹೊತ್ತಾಗುತ್ತೆ. ತೊಟ್ಟಿ ಬದಲಾಯಿಸಿದ್ದೇ ತಡ, ಕರಗಿ ಲೋಳೆ! "ಬೇರು ಬದುಕಿದೆ ಕಣೋ, ಕಾಯಬೇಕು" ಅಂತೀಯ. ಕಾಯಿ, ಕಾಯಿ. ಕಾಯೋದೊಂದು ನಿನಗೆ ಚೆನ್ನಾಗಿ ಬರುತ್ತೆ.

ನನ್ನದು ನೋಡು! ನೀನೇ ಅಂಗಡಿ ಮುಂದಿನ ತೊಟ್ಟೀಲಿ ಇಟ್ಟೆ, ನೀನೇ ಚೀಟಿ ಅಂಟಿಸಿದೆ: "ಉಂಡಾಡಿ ಗಿಡ, ನನ್ನ ತಮ್ಮ ತಂದದ್ದು." ಬಂದೋರಿಗೆಲ್ಲ ತೋರಿಸಿದೆ. ಇಷ್ಟು ತಿಂಗಳಲ್ಲಿ ಒಂದೆಲೆ ಬಾಡಿದೆಯಾ? ಕಾಡಿನ ಹೊಳೆ, ಸೊಂಟದವರೆಗೆ ನೀರು, ತೊಡೆ ತುಂಬ ಜಿಗಣೆ... ಹೇಳಿದ್ದೀನಾ? ಹೇಳಿದ್ದೀನಿ. ಸರಿ. ಯಾಕೆ ಹಾಗೆ ನೋಡ್ತೀಯ?

ನನ್ನ ಟವೆಲ್ ಎಲ್ಲಿ? ಹಿಂದುಗಡೆ ಒಣಗಾಕಿದ್ಯಾ? ನಾನೇ ತಗೋತೀನಿ... ದಾರಿ ಬಿಡು. ಬಿಡಕ್ಕಾ!

ಇದೇನಿದು... ಇಷ್ಟೊಂದು ಕುಂಡ? ನನ್ನ ಗಿಡ ಮಣ್ಣಲ್ಲಿ ಯಾಕಿದೆ? ತುದಿಯೆಲ್ಲ ಕತ್ತರಿಸಿದೆ. ಆ ಬಕೆಟ್ಟಲ್ಲಿ... ಥೂ, ಕೊಳೆತ ಕೊಂಬೆ.

ಅಕ್ಕಾ... ತೊಟ್ಟೀಲಿ ಕೊಳೆತದ್ದು ತೆಗೆದು ಇಲ್ಲಿಂದ ಹೊಸದು ಸಿಗಿಸ್ತಿದ್ಯಾ? ಯಾವಾಗಿಂದ?

ಮೊದಲಿಂದಲೂನಾ?

ಹಾಗಾದ್ರೆ ಅದು ಹೊಳೇದಲ್ಲ, ನಾನು ಲಾಡ್ಜಿನ ಮೆಟ್ಟಿಲ ಹತ್ರ ಕುಂಡದಿಂದ ಮುರ್ಕೊಂಡು ಬಂದದ್ದು ಅಂತ... ನೀರಿನ ಗಿಡವೇ ಅಲ್ಲ ಅಂತ ನಿನಗೆ ಗೊತ್ತಿತ್ತಾ? ಬಯ್ಯಕ್ಕಾ, ಬಾಯಿಬಿಟ್ಟು ಬಯ್ಯಿ! ನಾನು ದಿನಾ ಜಿಗಣೆ, ಹೊಳೆ ಅಂತ ಬಡ್ಕೋತಿದ್ರೆ ನೀನು ಊಂ ಊಂ ಅಂತ... ಅದು ಕರಗದೇ ಇದ್ದದ್ದು ನೋಡಿ ನನಗೇ ನಂಬಿಕೆ ಬಂದುಬಿಟ್ಟಿತ್ತು ಕಣಕ್ಕಾ.

ಕೈಯಲ್ಲಿ ಅದೇನು? ಇವತ್ತು ಸಿಗಿಸೋ ಕೊಂಬೆಯಾ? ಬೇಡ. ಇಡು ಕೆಳಗೆ. ಮೇಷ್ಟ್ರು ಎಲೆ ಮುಟ್ಟಿದ ಕೂಡಲೇ ಹೇಳ್ತಾರೆ, ಅಂಗಡಿ ತುಂಬ ಜನರ ಮುಂದೆ ನಿನ್ನ ಮುಖ... ನನ್ನ ಮೇಲೆ ಹಾಕು. "ನನಗೂ ಸುಳ್ಳು ಹೇಳಿ ಓಡಿಹೋದ" ಅನ್ನು. ನಂಬ್ತಾರೆ, ಓಡಿದ್ದು ನೋಡಿದ್ದಾರಲ್ಲ.

ಆ ಚೀಟಿ ನಾನೇ ಕಿತ್ಕೋತೀನಿ. ಹರಿಯಲ್ಲ, ಚೀಲಕ್ಕೆ ಹಾಕ್ಕೋತೀನಿ. ಟವೆಲ್ ಕೊಡು. ಒದ್ದೆ ಇದ್ರೂ ಪರವಾಗಿಲ್ಲ... ಬಿಡಕ್ಕಾ, ಆ ಕಡೆ ತುದಿ ಬಿಡು.