ಬೋರಲು ಹಾಕಿದ ಗಂಗಾಳ

ಒಂದು ಊರು, ಆ ಊರಿಗೊಬ್ಬ ಸಾಹುಕಾರ. ಯಾವ ಊರು ಅಂತ ಕೇಳಬೇಡಿ. ಹೆಸರು ಹೇಳಿದರೆ ಆ ಊರಿನವರಷ್ಟೇ ತಲೆ ತಗ್ಗಿಸುತ್ತಾರೆ, ಉಳಿದವರೆಲ್ಲ ಈ ಪ್ರವಚನ ನಮಗಲ್ಲ ಬಿಡು ಅಂತ ಆಕಳಿಸುತ್ತ ಕೂರುತ್ತೀರಿ. ಇವತ್ತು ಯಾರನ್ನೂ ಹಾಗೆ ಬಿಡುವವನಲ್ಲ ನಾನು.

ಸಾಹುಕಾರನಿಗೆ ಅಂಗಡಿ, ಮನೆ, ಮಾನ ಎಲ್ಲ ಇತ್ತು. ಒಬ್ಬಳೇ ಮಗಳು, ಆಗಷ್ಟೇ ಶಾಲೆಯ ಮೆಟ್ಟಿಲು ಹತ್ತಿದವಳು. ಆ ಕೂಸಿಗೆ ಎಣಿಸುವುದೆಂದರೆ ಅದೆಂಥ ಪ್ರೀತಿ ಅಂತೀರಿ! ಅವ್ವ ರೊಟ್ಟಿ ಬಡಿಯುತ್ತಿದ್ದರೆ ಪಕ್ಕದಲ್ಲಿ ಕೂತು, ಅಪ್ಪನಿಗೆ ಇಷ್ಟು, ಅಜ್ಜಿಗೆ ಇಷ್ಟು, ನನಗೆ ಅರ್ಧ ಅಂತ ಪಾಲು ಹಚ್ಚುತ್ತಿತ್ತು. ಸಂಜೆಯಾದರೆ ಕಟ್ಟೆಯ ಮೇಲೆ ಅಜ್ಜಿಯ ಜೊತೆ ಚೌಕಾಬಾರ. ಕವಡೆಯ ಬದಲು ಒಂದು ಬದಿ ತಿಕ್ಕಿ ಬೆಳ್ಳಗೆ ಮಾಡಿದ ಹುಣಸೆ ಬೀಜ. ಬೀಜ ಚೆಲ್ಲುವ ಮೊದಲೇ ಕೂಸು ಹೇಳುತ್ತಿತ್ತು:

"ಅಜ್ಜಿ, ಮೂರು ಬಿದ್ದರ ನಿನ್ನ ಕಾಯಿ ಕಡೀತೀನಿ. ನಾಕು ಬಿದ್ದರ ನನ್ನ ಕಾಯಿ ಹಣ್ಣು. ಎರಡು ಮಾತ್ರ ಬೀಳಬಾರದು ನೋಡು."

"ಅಯ್ಯ ನಿನ್ನ! ಎಲ್ಲಾ ನೀನ ಗೆದ್ದರ ನಾ ಏನು ಮಾಡ್ಲಿ?" ಅಂತ ಅಜ್ಜಿ ನಗುತ್ತಿದ್ದಳು.

ನೋಡಿ, ಅದು ಲೆಕ್ಕ. ಕೂಡುವುದು, ಕಳೆಯುವುದು, ಮುಂದೇನಾದೀತು ಅಂತ ಊಹಿಸುವುದು, ಎಲ್ಲ ಆ ಕಟ್ಟೆಯ ಮೇಲೇ ನಡೆದಿತ್ತು. ಇದು ಲೆಕ್ಕ ಅಂತ ಕೂಸಿಗೆ ಯಾರೂ ಹೇಳಿರಲಿಲ್ಲ. ಅದಕ್ಕೇ ಅದು ಹೆದರಿರಲಿಲ್ಲ.

ಒಂದು ದಿನ ಸಾಹುಕಾರನ ಷಡ್ಡಕ ಬಂದ. ಹೆಂಡತಿಯ ತಂಗಿಯ ಗಂಡ. ಜೊತೆಗೆ ತನ್ನ ಮಗನನ್ನೂ ಕರೆತಂದಿದ್ದ. ಚಹಾ ಕುಡಿದು ಬಟ್ಟಲು ಕೆಳಗಿಟ್ಟಿದ್ದೇ ತಡ, ಮಗನ ಬೆನ್ನು ತಟ್ಟಿದ. "ಹೇಳಪಾ, ದೊಡ್ಡಪ್ಪನ ಮುಂದ ಹತ್ತೊಂಬತ್ತರ ಮಗ್ಗಿ ಹೇಳು." ಹುಡುಗ ಉಸಿರು ಬಿಡದೆ ಒದರಿದ. ಷಡ್ಡಕ ಮೀಸೆ ತಿರುವುತ್ತ ಕೇಳಿದ, "ನಿಮ್ಮ ಮಗಳು ಎಲ್ಲೀತನಾ ಬಂದಾಳ?" ಮಗಳು ಮೂರರ ಮಗ್ಗಿಯನ್ನೇ ತೊದಲಿದಳು.

ಅಷ್ಟೇ. ಸಾಹುಕಾರನಿಗೆ ಮೂಗು ಕೊಯ್ದಂತಾಯಿತು. ನನ್ನ ಮಗಳಿಗೆ ಏನು ಬರುತ್ತದೆ ಅಂತ ಒಂದು ಸಲವಾದರೂ ಯೋಚಿಸಿದನೇ? ಇಲ್ಲ! ಷಡ್ಡಕನ ಮುಂದೆ ಏನು ಬರಲಿಲ್ಲ ಅನ್ನುವುದಷ್ಟೇ ಅವನ ಕಣ್ಣಿಗೆ ಕಂಡಿತು. ಅವತ್ತೇ ಹುಣಸೆ ಬೀಜಗಳು ಒಲೆಗೆ ಹೋದವು. ಅವತ್ತೇ ಮನೆಯಲ್ಲಿ ಹೊಸ ಕಟ್ಟಳೆ ಬಂತು. ಊಟಕ್ಕೆ ಕೂತಾಗ ಎಲ್ಲರ ಗಂಗಾಳ ನೆಟ್ಟಗೆ ಇರುತ್ತಿತ್ತು, ಮಗಳ ಗಂಗಾಳ ಮಾತ್ರ ಬೋರಲು. ಮಗ್ಗಿಯನ್ನು ತಪ್ಪಿಲ್ಲದೆ ಒಪ್ಪಿಸಿದ ಮೇಲೆ ಅದನ್ನು ತಿರುಗಿಸಿ ಬಡಿಸಬೇಕು. ನಡುವೆ ತಪ್ಪಿದರೆ ಮತ್ತೆ ಮೊದಲಿನಿಂದ.

ನಾವು ಗಂಗಾಳವನ್ನು ಯಾವಾಗ ಬೋರಲು ಹಾಕುತ್ತೇವೆ, ಹೇಳಿ ತಾಯಂದಿರೇ? ಎಲ್ಲರೂ ಉಂಡು, ತೊಳೆದು, ಇನ್ನು ಯಾರೂ ಉಣ್ಣುವವರಿಲ್ಲ ಅಂದಾಗ. ಈ ಪುಣ್ಯಾತ್ಮ ಹಸಿದು ಕೂತ ಕೂಸಿನ ಮುಂದೆ ಬೋರಲು ಹಾಕಿದ!

ಅಜ್ಜಿ ತಡೆಯಲಾರದೆ ಅಂದಳು, "ಲೇ, ಹಸಿದ ಕೂಸಿಗೆ ಹಿಂಗ ಮಾಡ್ತೀಯಲ್ಲೋ, ನಿನಗ ಕರುಳು ಅದ ಏನು?"

"ಸುಮ್ನಿರವ್ವಾ. ಸಲಿಗಿ ಕೊಟ್ಟು ನೀನ ಕೆಡಿಸೀದಿ. ನಾಕು ಮಂದ್ಯಾಗ ನನ್ನ ಮರ್ಯಾದಿ ಹೋಗತದ."

ನಾಲ್ಕು ಮಂದಿ! ಯಾರ್ರೀ ಅವರು ನಾಲ್ಕು ಮಂದಿ? ಕೂಸಿಗೆ ಜ್ವರ ಬಂದಾಗ ಬಂದು ಹಣೆ ಮುಟ್ಟುತ್ತಾರೆಯೇ? ಇನ್ನು ಆ ತಾಯಿ. ಸೆರಗಿನಿಂದ ಕಣ್ಣೊರೆಸಿಕೊಂಡಳಂತೆ, ಆದರೆ ಗಂಗಾಳ ತಿರುಗಿಸಲಿಲ್ಲ. ಅವಳನ್ನೂ ನಾನು ಬಿಡುವುದಿಲ್ಲ. ಅತ್ತವಳಿಗೆ ಕೈ ಇರಲಿಲ್ಲವೇ?

ಇಷ್ಟೆಲ್ಲ ಆದಮೇಲೆ ಕೂಸು ಮಗ್ಗಿ ಕಲಿಯಿತೋ ಇಲ್ಲವೋ? ಕಲಿಯಿತು! ಹೊಟ್ಟೆಗೆ ಬಡಿದರೆ ಯಾರು ತಾನೇ ಕಲಿಯುವುದಿಲ್ಲ? ಗಿಳಿ ಕಲಿತಂತೆ ಕಲಿಯಿತು. ಆದರೆ ರೊಟ್ಟಿ ಪಾಲು ಹಚ್ಚುವುದನ್ನು ಬಿಟ್ಟಿತು. ಕಟ್ಟೆಯ ಮೇಲೆ ಕೂರುವುದನ್ನು ಬಿಟ್ಟಿತು. ಅಜ್ಜಿ ಹೊಸ ಬೀಜ ತಿಕ್ಕಿ ಕರೆದರೆ, "ಬ್ಯಾಡ ಅಜ್ಜಿ, ಎಣಸೋದೈತಿ ಅದರಾಗ" ಅಂತ ಒಳಗೆ ಓಡಿತು. ಎಣಿಸುವುದಕ್ಕಾಗಿಯೇ ಆಡುತ್ತಿದ್ದ ಕೂಸಿನ ಮಾತು ಇದು. ಸಾಹುಕಾರನ ಕಿವಿಗೂ ಬಿತ್ತು, ಈಗ ಬುದ್ಧಿ ಬಂತು ಅಂತ ಅವನು ಹಿಗ್ಗಿದ.

ಆಮೇಲೆ ಒಂದು ಹಬ್ಬದ ಮಧ್ಯಾಹ್ನ ಬೇಕೆಂತಲೇ ಷಡ್ಡಕನನ್ನು ಊಟಕ್ಕೆ ಕರೆದ. ಪಂಕ್ತಿ ಹಾಕಿ ಎಲ್ಲರೂ ಕೂತಿದ್ದಾರೆ. ಮಗಳನ್ನು ನಡುವೆ ನಿಲ್ಲಿಸಿದ. ಹತ್ತೊಂಬತ್ತರ ಮಗ್ಗಿ! ಒಂದು ತಪ್ಪಿಲ್ಲ, ಒಂದು ತೊದಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು, ಷಡ್ಡಕನ ಮುಖ ಹುಳ್ಳಗಾಯಿತು. ಸಾಹುಕಾರನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಗಳನ್ನು ಕೂಡಿಸಿ, ತಾನೇ ಗಂಗಾಳ ತಿರುಗಿಸಿಟ್ಟು, ಹೋಳಿಗೆಯ ಬುಟ್ಟಿ ಹಿಡಿದು ಬಂದು ಮುದ್ದಿನಿಂದ ಕೇಳಿದ, "ಎಷ್ಟು ಹಾಕ್ಲೆವ್ವ ನಿನಗ?"

ಕೂಸಿನ ಮುಖ ಬಿಳುಚಿತು. ಹೋಳಿಗೆಯನ್ನು ನೋಡಲಿಲ್ಲ, ಅಪ್ಪನ ಮುಖ ನೋಡಿತು. ಅವ್ವನ ಕಡೆ ನೋಡಿತು. ಆಮೇಲೆ ಕೇಳಿತು:

"ಎಷ್ಟಂದ್ರ ಸರಿ ಅಪ್ಪಾ?"

ಯಾರೋ ಒಬ್ಬರು ನಕ್ಕರು. "ಹಂಗಲ್ಲವ್ವ, ನಿನಗ ಎಷ್ಟು ಬೇಕೋ ಅಷ್ಟು ಹೇಳು" ಅಂದ ಸಾಹುಕಾರ. ಕೂಸು ಬೆರಳು ಮಡಚಿತು, ಬಿಚ್ಚಿತು, ಮತ್ತೆ ಮಡಚಿತು. ಕೊನೆಗೆ, "ಇದು ನನಗ ಬರಂಗಿಲ್ಲ ಅಪ್ಪಾ" ಅಂದು ತನ್ನ ಪುಟ್ಟ ಕೈಯಿಂದ ತಾನೇ ಗಂಗಾಳವನ್ನು ಬೋರಲು ಹಾಕಿಕೊಂಡಿತು.

ಅಯ್ಯೋ, ಕೇಳಿದಿರಾ? ತನ್ನ ಹೊಟ್ಟೆಗೆ ಎಷ್ಟು ಬೇಕು ಅಂತ ಹೇಳಲಾರದ ಹಾಗೆ ಮಾಡಿಟ್ಟ ಮಗಳನ್ನು! ನಾಯಿಮರಿಗೂ ಗೊತ್ತಿರುವ ಲೆಕ್ಕ ಅದು. ಹತ್ತೊಂಬತ್ತರ ಮಗ್ಗಿ ತಂದುಕೊಟ್ಟು ಆ ಹೊಟ್ಟೆಯ ಲೆಕ್ಕವನ್ನು ಕಸಿದುಕೊಂಡ. ಇದಕ್ಕೆ ವಿದ್ಯೆ ಅಂತ ಹೆಸರೇ?

ಕೆಲವರು ತಲೆ ಅಲ್ಲಾಡಿಸುತ್ತಿದ್ದೀರಿ, ಎಂಥ ಕಟುಕ ಅಂತ. ಸಾಕು ಬಿಡಿ! ನಿಮ್ಮ ಮನೆಗೆ ಯಾರಾದರೂ ಬಂದರೆ ನೀವು ಮಾಡುವುದೇನು? ಬಾ ಪುಟ್ಟಿ, ಮಾಮನಿಗೆ ಲೆಕ್ಕ ಹೇಳು ಅಂತ ಎಳೆದು ತಂದು ನಿಲ್ಲಿಸುವುದಿಲ್ಲವೇ? ಅದೇನು ಮಗುವೋ, ಹೇಳಿದ್ದಕ್ಕೆಲ್ಲ ತಲೆ ಆಡಿಸುವ ಕೋಲೆ ಬಸವನೋ? ಏ ತಾಯೀ, ಕಂಬದ ಹತ್ತಿರ ಕೂತಾಕೆ, ಮೊದಲು ಆ ಹುಡುಗನ ಕಿವಿ ಬಿಡು. ನಿನಗೇ ಹೇಳುತ್ತಿರುವುದು. ಇನ್ನು ಕೆಲವರಿದ್ದೀರಿ, ಮಗು ಕೇಳುವ ಹಾಗೆಯೇ, ನಮ್ಮ ಮನೆತನದಲ್ಲಿ ಯಾರಿಗೂ ಲೆಕ್ಕ ಹತ್ತುವುದಿಲ್ಲ ಅಂತ ನಗುತ್ತೀರಿ. ಮಗು ಅದನ್ನು ನಂಬುತ್ತದೆ. ನಿಮ್ಮ ಮಾತನ್ನಲ್ಲದೆ ಇನ್ನಾರ ಮಾತನ್ನು ನಂಬಬೇಕು ಅದು?

ಮಗ್ಗಿ ಬೇಡ ಅಂತ ನಾನು ಹೇಳಲಿಲ್ಲ. ಮನೆಗೆ ಹೋಗಿ ಹಾಗೆ ಹೇಳಿದರು ಅಂತ ಹಬ್ಬಿಸಬೇಡಿ. ಮಗ್ಗಿ ಬೇಕು, ಹಾಡಿನ ಹಾಗೆ ನೀವೂ ಜೊತೆಗೂಡಿ ಹೇಳಿ, ನೀವೂ ತಪ್ಪಿ, ಮಗು ನಿಮ್ಮನ್ನು ತಿದ್ದಲಿ. ಅದರ ಖುಷಿ ನೋಡಿ ಆಗ! ತಟ್ಟೆ ಇಡುವ ಕೆಲಸ ಮಗುವಿಗೆ ಕೊಡಿ. ಒಂದು ಕಡಿಮೆ ತಂದರೆ ಬೈಯಬೇಡಿ, ತಟ್ಟೆ ಇಲ್ಲದವರು ಸುಮ್ಮನೆ ಕೂತಿರಿ. ಅದೇ ನೋಡುತ್ತದೆ, ಅದೇ ಓಡಿ ಹೋಗಿ ತರುತ್ತದೆ. ರೊಟ್ಟಿಯನ್ನು ಎಲ್ಲರಿಗೂ ಸಮನಾಗಿ ಮುರಿಯಲು ಹೇಳಿ. ಮುರಿದದ್ದು ಸಣ್ಣದು ದೊಡ್ಡದಾದರೆ ಜಗಳ ಆಗಲಿ, ಆ ಜಗಳದಲ್ಲೇ ಪಾಠ ಇದೆ. ಸಂಜೆ ಆ ಮೊಬೈಲು ಕೆಳಗಿಟ್ಟು ನೆಲದ ಮೇಲೆ ಚೌಕಾಬಾರದ ಮನೆ ಬರೆಯಿರಿ, ಮಕ್ಕಳ ಕೈಲಿ ಸೋಲಿರಿ. ನೀವು ಸೋತರೆ ಯಾವ ಸಾಮ್ರಾಜ್ಯವೂ ಮುಳುಗುವುದಿಲ್ಲ.

ಈಗ ಎಲ್ಲರೂ ಪ್ರಸಾದಕ್ಕೆ ಕೂರುತ್ತೀರಿ. ಪಕ್ಕದಲ್ಲಿ ನಿಮ್ಮ ಮಗು ಕೂತಿರುತ್ತದೆ. ಎಷ್ಟು ಬೇಕಪ್ಪ ಅಂತ ಕೇಳಿ, ಅದು ಹೇಳಿದಷ್ಟೇ ಹಾಕಿಸಿ. ಉಳಿದರೆ ನೀವು ಉಣ್ಣಿ, ಸಾಲದಿದ್ದರೆ ಅದು ಮತ್ತೆ ಕೇಳಲಿ. ಆದರೆ ನೀವು ಕೇಳಿದಾಗ ಮಗು ಅನ್ನ ನೋಡದೆ ನಿಮ್ಮ ಮುಖ ನೋಡಿತೋ, ಆ ಸಾಹುಕಾರನ ಊರು ಯಾವುದು ಅಂತ ನನ್ನನ್ನು ಕೇಳಬೇಕಾಗಿಲ್ಲ. ಏಳಿ, ಮಕ್ಕಳನ್ನು ಮುಂದೆ ಕೂಡಿಸಿ.