ಹೊರಗಿನ ನೂಲು

ಉಮರ್ಗಾದಿಂದ ಲೋಹಾರಾಕ್ಕೆ ಹೋಗುವ ದಾರಿಯ ಆ ಹಟ್ಟಿಯಲ್ಲಿ ಮಧ್ಯಾಹ್ನ ಹತ್ತಿದ ಮಳೆ ದೀಪ ಹಚ್ಚುವ ಹೊತ್ತಾದರೂ ಬಿಟ್ಟಿರಲಿಲ್ಲ. ಕರೆಂಟು ಹೋಗಿತ್ತು. ಓಣಿಯ ಹೆಣ್ಣುಮಕ್ಕಳೆಲ್ಲ ಮಾಣಿಕಮ್ಮನ ಪಡಸಾಲೆಯಲ್ಲಿ ಕೂಡಿದ್ದರು. ಮೊಮ್ಮಗಳು ವೈಷ್ಣವಿ ಮಾತ್ರ ಬಾಗಿಲ ಹೊರಗೆ, ಕಟ್ಟೆಯ ಮೇಲೆ ಗೋಣಿಚೀಲ ಹಾಸಿಕೊಂಡು ಕೂತಿದ್ದಳು. ಮುಂಜಾನೆಯೇ ಮುಟ್ಟಾಗಿ ಹೊರಗಾಗಿದ್ದಳು. ನಾಳೆ ಗುಡಿಯ ದೇವರು ಬೀರಪ್ಪನಿಗೆ ಹೊದಿಸುವ ಕರಿ ಕಂಬಳಿ ಅವಳ ತೊಡೆಯ ಮೇಲಿತ್ತು. ಅದರ ನೂಲನ್ನೆಲ್ಲ ಅವಳೇ ತೆಗೆದಿದ್ದಳು, ಅದನ್ನು ಹೊತ್ತು ಗುಡಿಯೊಳಗೆ ಹೋಗುವ ಪಾಳಿಯೂ ಅವಳದೇ ಇತ್ತು. ಆದರೆ ಗುಡಿ ಕಮಿಟಿಯ ಅಧ್ಯಕ್ಷ, ಮಾಣಿಕಮ್ಮನ ಮಗ, ಅವಳ ಕಾಕಾ ಉಮಾಕಾಂತ, ಗುಡಿಯ ನೆಲಕ್ಕೆ ಹೊಸ ಫರಸಿಕಲ್ಲು ಹಾಸಿಸಿ ಹೊಸ ಬೋರ್ಡೂ ಹಾಕಿಸಿದ್ದ. ಮುಟ್ಟಾದವರಿಗೆ ಪ್ರವೇಶವಿಲ್ಲ ಅಂತ ಮರಾಠಿಯಲ್ಲಿ ದಪ್ಪ ಅಕ್ಷರ.

"ಕಂಬಳಿ ನನ್ನ ಮಗ ಸುಮಿತ ಹೊರತಾನ," ಅಂದ ಕಂಬಳಿ ಒಯ್ಯಲು ಬಂದ ಉಮಾಕಾಂತ.

ವೈಷ್ಣವಿಗೆ ಅಳು ಬತ್ತಿ ಸಿಟ್ಟಷ್ಟೇ ಉಳಿದಿತ್ತು. ಆಯಿ ಮಾಣಿಕಮ್ಮ ಎಲೆಅಡಿಕೆ ಉಗಿದು ಬಂದು ಕೂತಳು.

"ಅಧ್ಯಕ್ಷ ಸಾಹೇಬ್ರ, ನೀವೂ ಕುಂದರ್ರಿ. ಗುಡಿ ಎಲ್ಲೂ ಓಡಿ ಹೋಗಂಗಿಲ್ಲ. ಕೇಳ್ರೆವ್ವಾ... ಆಗ ನಾ ಈ ಮನಿಗಿ ಬಂದು ಒಂದು ವರ್ಷ. ಕುಸುಮಬಾಯಿ ನನ್ನ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ, ಬಾಯಿ ಅಂದ್ರ ಬಾಯಿ! ಹೊರಗ ಕುಂತ ಮೂರು ದಿನ ಒಲಿ ಮುಟ್ಟಂಗಿಲ್ಲ, ಕೊಡ ಮುಟ್ಟಂಗಿಲ್ಲ, ಹಿತ್ತಲ ಗುಡಸಲದಾಗ ನೂಲಾಕ ಒಂದು ರಾಟಿ, ಒಂದು ಬುಟ್ಟಿ ಉಣ್ಣಿ ಕೊಟ್ಟು ಕುಂಡರಸತಿದ್ರು... ಯಾಕ? ಉಣ್ಣಿಗಿ ಮೈಲಿಗಿ ಇಲ್ಲ ಅಂತ ಹಿರ್ಯಾರೇ ಹೇಳ್ಯಾರ. ಉಳದ ದಿನ ರೊಟ್ಟಿ, ಕುರಿ, ಹೊಲ, ಕೂಸು... ನೂಲಾಕ ಪುರಸತ್ತ ಎಲ್ಲಿತ್ತು ನಮಗ? ಹಂಗಾದ್ರ ಹೇಳ್ರಿ, ಬೀರಪ್ಪ ಹೊದ್ದ ಕಂಬಳಿ ಯಾವ ದಿನದ ನೂಲಿಂದು?"

ಉಮಾಕಾಂತ ಮೊಬೈಲು ನೋಡುತ್ತ ಕೂತ.

"ಇದೇ ಮಾತು ಕುಸುಮಬಾಯಿ ಗುಡಿ ಮೆಟ್ಟಲದಾಗ ನಿಂತು ಕೇಳಿದ್ಳು. ಹರಕಿ ಕಂಬಳಿ ಹೊತ್ತು ಹೋಗ್ಯಾಳ, ಅಲ್ಲೇ ಹೊರಗಾಗ್ಯಾಳ. ಪೂಜಾರಿ ರೇವಣಸಿದ್ಧ ಕಂಬಳಿ ಕಸಗೊಂಡು, 'ಇಳಿ ಕೆಳಗ, ಗುಡಿ ಕೆಡಿಸಿದಿ' ಅಂದ. ಆಕಿ ಬಿಡತಾಳೇನು? 'ನಾ ಒಳಗ ಬರಬಾರದು ಅಂದ್ರ, ನನ್ನ ನೂಲು ಹೊರಗ ಕಳಸು,' ಅಂದ್ಳು. ಅಂವಾ ನಕ್ಕ. ದೇವರಿಗಿ ಹೊದಿಸಿ ಬಾಗಲಾ ಹಾಕಿದ.

"ಮರುದಿನ ಇಂಥಾದೇ ಮಳಿ... ಗುಡಸಲದ ಮಣ್ಣಿನ ಗೋಡಿ ಆಕಿ ಮ್ಯಾಲ ಬಿತ್ತು. ಗಂಡಸರು ಹೊಲದಾಗ. 'ಮುಟ್ಟಬ್ಯಾಡ, ಮೈಲಿಗಿ' ಅಂತ ಅತ್ತಿ ನನ್ನ ರಟ್ಟಿ ಹಿಡದಳು. ಮಣ್ಣಾಗಿಂದ ಒಂದು ಕೈ ಹೊರಗಿತ್ತೆವ್ವಾ, ಬೆರಳು ಆಡತಿದ್ವು... ನಾ ನೋಡ್ಕೋತ ನಿಂತೆ, ಆಕಿ ಅಲ್ಲೇ ಸತ್ತಳು. ಆ ಪಾಪ ಇವತ್ತಿಗೂ ಎದ್ಯಾಗ ಉರಿತದ.

"ಮೂರನೇ ದಿನ ಪೂಜಾರಿ ಕೀಲಿ ತಗದು ನೋಡತಾನ, ದೇವರ ಮ್ಯಾಲ ಅರ್ಧ ಕಂಬಳಿ ಇಲ್ಲ! ಒಂದು ಕರಿ ಎಳಿ ಹೊಸ್ತಿಲಾ ದಾಟಿ, ಮೆಟ್ಟಲಾ ಇಳದು, ಓಣಿ ಹಿಡದು, ಬಿದ್ದ ಗುಡಸಲದ ಮಣ್ಣಾಗ ಹೊಕ್ಕಿತ್ತು. ಒಳಗಿಂದ ರಾಟಿ ಸಪ್ಪಳ... ಗುಂಯ್ಯ್... ಗುಂಯ್ಯ್. ಹೊಸ ಕಂಬಳಿ ಹೊದಿಸಿದ್ರು, ಅದೂ ಬಿಚ್ಚಿ ಹೋಯ್ತು. ಪೂಜಾರಿ ಗೋಮೂತ್ರ ಹೊಡದ, ಲಿಂಬಿಹಣ್ಣು ಕೊಯ್ದ... ಕುಸುಮಬಾಯಿ ಅಂಥಾದಕ್ಕ ಅಂಜತಾಳೇನು?

"ಮುಂದಿನ ತಿಂಗಳ ನಾ ಹೊರಗಾದೆ. ಹೊರಗ ಕುಂತೀನಿ, ಆ ಎಳಿ ಹರಕೋತ ಬಂದು ನನ್ನ ಕಾಲ ಹೆಬ್ಬಟ್ಟಿಗಿ ಸುತ್ತಿತು. 'ಅಕ್ಕಾ, ತಪ್ಪಾತು' ಅಂದೆ. ಅದು ಬಿಡಲಿಲ್ಲ, ಗುಡಿ ಕಡೆ ಎಳೀತು. ನನ್ನ ಕೈಯಾರೆ ನೂತಿದ್ದ ಕಂಬಳಿ ತಲಿ ಮ್ಯಾಲ ಹೊತ್ತು ಹೊಂಟೆ, ಹಾಡಹಗಲ, ಆ ಮೂರು ದಿನದಾಗೇ. ರೇವಣಸಿದ್ಧ ಅಡ್ಡ ಬಂದ... ನನ್ನ ಬೆನ್ನ ಹಿಂದ ಏನ್ ಕಂಡನೋ ಏನೋ, ಮಾರಿ ಸುಣ್ಣದಂಗ ಆಗಿ ಸರದು ನಿಂತ. ಒಳಗ ಹೋದೆ, ದೇವರಿಗಿ ಹೊದಿಸಿದೆ. ಒಂದು ಎಳಿ ಬಿಚ್ಚಲಿಲ್ಲ.

"ಅವತ್ತಿಂದ ನೋಡ್ರಿ, ಕಂಬಳಿ ಈ ಮನಿ ಹೆಣ್ಮಗಳೇ ಹೊರಬೇಕು ಅಂತ ಪದ್ಧತಿ ಬಿತ್ತು. ಯಾವ ದಿನ ಅಂತ ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಬೀರಪ್ಪಗ ಸಿಟ್ಟು ಬಂತೇನು? ಗುಡಿ ಕೆಟ್ಟತೇನು? ಬೋರ್ಡ್ ಹಾಕ್ಯಾರಂತ, ಬೋರ್ಡ್!"

ಉಮಾಕಾಂತ ಎದ್ದ. "ಅವ್ವಾ, ಹಳೇ ಪುರಾಣ ಸಾಕು. ಕಂಬಳಿ ಕೊಡು ವೈಷ್ಣವಿ."

"ಕೊಡಂಗಿಲ್ಲ ಕಾಕಾ. ನಾನೇ ನೂತೀನಿ, ನಾನೇ ಹೊರತೀನಿ," ಅಂದಳು ವೈಷ್ಣವಿ. ಕಂಬಳಿಯ ಮೂಲೆಯನ್ನು ಗಟ್ಟಿಯಾಗಿ ಹಿಡಿದಳು.

ಅವನು ಕಂಬಳಿಯ ಚುಂಗು ಹಿಡಿದೆಳೆದ. ಅದು ಬರಲಿಲ್ಲ. ಬಗ್ಗಿ ನೋಡಿದ. ವೈಷ್ಣವಿ ಹಿಡಿದದ್ದು ಒಂದು ಮೂಲೆ ಮಾತ್ರ. ಇನ್ನೊಂದು ಮೂಲೆಯಿಂದ ಒಂದು ಕರಿ ಎಳೆ ಕಟ್ಟೆ ಇಳಿದು, ಮಳೆಯಲ್ಲಿ, ಹಿತ್ತಲ ಕಡೆ ಬಿಗಿಯಾಗಿ ಹೋಗಿತ್ತು. ಅವನ ಕೈ ತಾನಾಗಿಯೇ ಸಡಿಲಾಯಿತು.

ಮಾಣಿಕಮ್ಮ ಬಾಗಿಲಿಗೆ ಬಂದು ಕತ್ತಲಲ್ಲಿ ಕಣ್ಣಿಟ್ಟು ನಿಂತಳು. "ಬಿಡಬ್ಯಾಡ ಅಕ್ಕಾ," ಅಂದಳು. "ಹಂಗೇ ಹಿಡದಿರು. ಹುಡುಗಿ ನಾಳಿ ಗುಡಿಗಿ ಬರತಾಳ, ಕರಕೊಂಡು ಒಳಗ ನಡಿ."