ಅತಿವೇಗದ ಕೇಸು

ಭದ್ರಾವತಿ ಕೋರ್ಟಿನ ಜಗಲಿಯಲ್ಲಿ ನೋಟರಿಗಾಗಿ ಕಾಯುತ್ತ ಕೂತಿದ್ದ ತನುಜಾಳ ಕಿವಿ, ಪಕ್ಕದಲ್ಲಿದ್ದ ಲಾಯರ್ ಮುರುಗೇಶಪ್ಪ ಮತ್ತು ಮೆಕ್ಯಾನಿಕ್ ಇಸ್ಹಾಕನ ಮಾತಿನತ್ತ ತಾನಾಗಿಯೇ ಹೊರಳಿತು.

“ಅತಿವೇಗ ಅಂತ ಕೇಸು. ತಪ್ಪಾಯ್ತು ಅಂದ್ಬಿಡು ಮಾರಾಯ, ದಂಡ ಕಟ್ಟಿ ಮನೆಗೆ ಹೋಗು.”

“ಒಪ್ಕೊಂಡ್ರೆ ನಾಳೆ ಯಾರು ಸಾರ್ ನನ್ ಕೈಗೆ ಗಾಡಿ ಕೊಡ್ತಾರೆ? ಗಿರಾಕಿಯ ಬೈಕು, ವೆಲ್ಡಿಂಗಿಗೆ ತಳ್ಕೊಂಡು ಹೋಗ್ತಿದ್ದೆ.”

“ಎಲ್ರೂ ಹಂಗೇ ಹೇಳೋದು.”

“ಅದ್ರಲ್ಲಿ ಇಂಜಿನ್ನೇ ಇರ್ಲಿಲ್ಲ ಸಾರ್. ಬಿಚ್ಚಿ ಅಂಗಡೀಲಿ ಇಟ್ಟಿದ್ದೆ.”

“ಈಗ ಜೋಡಿಸಿರ್ತೀಯಲ್ಲ, ಜಡ್ಜಿಗೆ ಏನ್ ತೋರಿಸ್ತೀಯ?”

“ಎಲ್ಲಿ ಜೋಡಿಸ್ಲಿ? ಹಿಡ್ದಾಗಿಂದ ಬೈಕು ಸ್ಟೇಷನ್ ಕಾಂಪೌಂಡಲ್ಲೇ ನಿಂತಿದೆ. ಇಂಜಿನ್ ಇನ್ನೂ ನನ್ ಅಂಗಡೀಲೇ ಇದೆ.”

ಲಾಯರು ಸಹಿಗೆಂದು ಹಿಡಿದಿದ್ದ ತಪ್ಪೊಪ್ಪಿಗೆಯ ಕಾಗದವನ್ನು ಮಡಚಿ ಕೋಟಿನ ಜೇಬಿಗಿಟ್ಟುಕೊಂಡರು.

“ಮೊದ್ಲೇ ಹೇಳೋದಲ್ವೇನೋ! ಜಪ್ತಿ ಮಾಡಿದ ಗಾಡೀನ ಪೊಲೀಸ್ರ ಕೈಲೇ ಸ್ಟಾರ್ಟ್ ಮಾಡ್ಸೋಣ, ಬಾ” ಎನ್ನುತ್ತ ಅವರು ಒಳಗೆ ನಡೆದರು. ಇಸ್ಹಾಕ್ ಹಿಂದೆಯೇ ಓಡಿದ.